ಸೀರೆ ಉಟ್ಟು ಮೋಟಾರ್‌ಸೈಕಲ್ ಪ್ರದರ್ಶನಕ್ಕೆ

ಐವತ್ತು ದಾಟಿದ ಗೃಹಿಣಿಗೂ ಮೋಟಾರ್‌ಸೈಕಲ್ ಪ್ರದರ್ಶನಕ್ಕೂ ಏನು ನಂಟು ಎಂದು ನೀವು ಮೂಗಿನ ಮೇಲೆ ಬೆರಳಿಡಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ದಸರಾ ಗೊಂಬೆ ಇವುಗಳ ಬಗ್ಗೆ ಬರೆಯಬೇಕಾದ ಕೈ ಇವತ್ತು ಎಂಜಿನ್, ಸೈಲೆನ್ಸರ್ ಎಂದು ಬರೆಯಲು ಹೊರಟಿದೆ. ಸ್ವಲ್ಪ ಸಹಿಸಿಕೊಂಡು ಓದಿ. ಕೊನೆಗೆ ಬರುವಷ್ಟರಲ್ಲಿ ಇದು ಎಂಜಿನ್ನಿನ ಕಥೆಯಲ್ಲ ಎಂದು ನಿಮಗೇ ತಿಳಿಯುತ್ತದೆ.

ನಮ್ಮದೊಂದು ಭಾನುವಾರದ ಸವಾರಿ ಗುಂಪಿದೆ. ಕೋಥರೂಡ್, ಸಿಂಹಗಡ ರಸ್ತೆ, ಚಿಂಚವಾಡ ಹೀಗೆ ಬೇರೆ ಬೇರೆ ಕಡೆ ಇರುವ ಏಳೆಂಟು ಕನ್ನಡ ಕುಟುಂಬಗಳು. ಬೆಳಿಗ್ಗೆ ಆರೂವರೆಗೆ ವಾರ್ಜೆ ಸೇತುವೆಯ ಹತ್ತಿರ ಸೇರುವುದು, ಒಂದು ವಾರ ಸಿಂಹಗಡಕ್ಕೆ ಹೋಗಿ ಪಿಠ್ಲ ಭಾಕರಿ, ಇನ್ನೊಂದು ವಾರ ಮುಳಶಿ, ಮತ್ತೊಂದು ವಾರ ದಿವೆ ಘಾಟ್ ಹತ್ತಿ ಸಾಸವಡ. ಗುಂಪಿನ ನಾಯಕರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಅರವತ್ತೈದರಲ್ಲೂ ಬುಲೆಟ್ ಬಿಟ್ಟು ಇಳಿಯುವವರಲ್ಲ. ಬೆಳಗಾವಿಯ ವೈನಿ ಒಬ್ಬರು ತಾವೇ ಗಾಡಿ ಓಡಿಸುತ್ತಾರೆ. ನಾನು ಮಾತ್ರ ಹಿಂದಿನ ಸೀಟಿನವಳು. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವ ಕೊನೆಯ ಸದಸ್ಯೆ ನಾನೇ ಎಂದು ಎಲ್ಲರೂ ತಮಾಷೆ ಮಾಡುತ್ತಾರೆ. ಮಾಡಲಿ ಬಿಡಿ.

ಎರಡು ಚಕ್ರದ ಹುಚ್ಚು ಪುಣೆಗೆ ಹೊಸದಲ್ಲ. ಒಂದು ಕಾಲಕ್ಕೆ ಇದು ಸೈಕಲ್ಲುಗಳ ಊರು. ಆಕುರ್ಡಿಯ ಬಜಾಜ್ ಕಾರ್ಖಾನೆಯ ಚೇತಕ್ ಸ್ಕೂಟರ್ ಬಂದದ್ದು 1972ರಲ್ಲಿ. ಫಿರೋದಿಯಾ ಅವರ ಕೈನೆಟಿಕ್ ಸಂಸ್ಥೆಯ ಲೂನಾ ಕೂಡ ಅದೇ ಸುಮಾರಿಗೆ ಬಂತು. ಹೀಗಾಗಿ ಇಲ್ಲಿ ಮದುವೆ ಮಾತುಕತೆಯಲ್ಲೂ ಹುಡುಗನ ಗಾಡಿ ಯಾವುದು ಎಂಬ ಪ್ರಶ್ನೆ ಬಂದರೆ ಯಾರಿಗೂ ಆಶ್ಚರ್ಯವಿಲ್ಲ. ಆದರೆ ನಾನು ಹೇಳಹೊರಟಿರುವ ಗಾಡಿ ಪುಣೆಯದಲ್ಲ. ಅದು ನಮ್ಮ ಮೈಸೂರಿನದು.

ನಿಮ್ಮಲ್ಲಿ ಮೈಸೂರಿನ ಕಡೆಯವರಿದ್ದರೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ನೆನಪಿದ್ದೇ ಇರುತ್ತದೆ. ಜಾವಾ ಎಂಬುದು ಝೆಕ್ ದೇಶದ ಹೆಸರು. ಫ್ರಾಂಟಿಶೆಕ್ ಯಾನೆಚೆಕ್ ಎಂಬುವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಹೆಸರಿಟ್ಟರಂತೆ. ಅವರ ಉಚ್ಚಾರ ‘ಯಾವಾ’. ಮೈಸೂರಿನ ಬಾಯಲ್ಲಿ ಅದು ಜಾವಾ ಆಯಿತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದಿಂದ ಕಾರ್ಖಾನೆ ತೆರೆದರು. 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ಇರಾನಿನ ಯಜ್ದ್ ಪಟ್ಟಣದ ನೆನಪಿನ ಹೆಸರು ಅದು. 1978ರಲ್ಲಿ ಬಂದದ್ದು ರೋಡ್‌ಕಿಂಗ್. ಎರಡು ಸೈಲೆನ್ಸರು, ಕಿಕ್ ಹೊಡೆಯುವ ಸನ್ನೆಯೇ ಒಳಕ್ಕೆ ಮಡಚಿದರೆ ಗೇರ್ ಆಗುವ ಚಮತ್ಕಾರ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕಾದ ರಗಳೆ, ಹಿಂದೆ ನೀಲಿ ಹೊಗೆ. ಬೀದಿಯ ತುದಿಯಲ್ಲಿ ಅದರ ಸದ್ದು ಕೇಳಿದರೆ ಅಮ್ಮ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು.

ಅಪ್ಪ ಆ ಕಾರ್ಖಾನೆಯಲ್ಲಿ ಫಿಟ್ಟರ್. 1963ರಲ್ಲಿ ಸೇರಿ 1991ರಲ್ಲಿ ಹಾರ ಹಾಕಿಸಿಕೊಂಡು ನಿವೃತ್ತರಾದರು. 1983ರಲ್ಲಿ, ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ, ತಾವೇ ದುಡಿದು ತಯಾರಿಸುತ್ತಿದ್ದ ಗಾಡಿಯೊಂದನ್ನು ಸಾಲ ಮಾಡಿ ಮನೆಗೆ ತಂದರು. ಆ ದಿನ ನಮ್ಮ ಬೀದಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದು ನನಗೆ ಚೆನ್ನಾಗಿ ನೆನಪಿದೆ. 1995ರಲ್ಲಿ ಅಮ್ಮ ಹೋದಳು. ಮರುವರ್ಷ, 1996ರಲ್ಲಿ, ಕಾರ್ಖಾನೆ ಬಾಗಿಲು ಮುಚ್ಚಿತು. ಒಂದು ಲೀಟರಿಗೆ ಬಹಳ ದೂರ ಓಡುವ ಜಪಾನೀ ತಂತ್ರದ ಗಾಡಿಗಳು ಬಂದಿದ್ದವು, ಹೊಗೆಯ ನಿಯಮಗಳು ಬಿಗಿಯಾಗಿದ್ದವು. ಅಪ್ಪ ಒಂದು ಮಾತೂ ಆಡಲಿಲ್ಲ. ಪ್ರತಿ ಭಾನುವಾರ ಗಾಡಿ ಒರೆಸುತ್ತಾ ಇನ್ನೂ ಹದಿನೈದು ವರ್ಷ ಬದುಕಿದರು.

2011ರಲ್ಲಿ ಅವರು ತೀರಿಕೊಂಡ ಮೇಲೆ ಆ ರೋಡ್‌ಕಿಂಗ್ ಲಾರಿ ಹತ್ತಿ ಪುಣೆಗೆ ಬಂತು. ಮೈಸೂರಿನಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿಯ ಆರ್‌ಟಿಓದಲ್ಲಿ ಅಲೆದು, ಎಂ.ಎಚ್. 12ರ ನಂಬರು ಹಾಕಿಸಿದಾಗ ತವರಿನ ಹೆಸರು ಬದಲಿಸಿದ ಸೊಸೆಯನ್ನು ನೋಡಿದ ಹಾಗೆ ನನಗಾಯಿತು. ಮುಂದೆ ಅದು ನಮ್ಮ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ ಹೊದಿಕೆ ಹೊದ್ದು ಕುಳಿತಿತು. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಮಾತ್ರ ಅದರ ನೆನಪು.

ಇಷ್ಟು ಹಿನ್ನೆಲೆ. ಈಗ ಜಗಳಕ್ಕೆ ಬರೋಣ.

ನನ್ನ ಮಗ ಹಿಂಜವಡಿಯಲ್ಲಿ ಕೆಲಸದಲ್ಲಿದ್ದಾನೆ. ಒಂದು ರಾತ್ರಿ ಊಟಕ್ಕೆ ಕುಳಿತಾಗ, “ಅಮ್ಮಾ, ತಾತನ ಗಾಡಿನ ಕಸ್ಟಮ್ ಮಾಡಿಸೋಣ ಅಂತಿದೀನಿ. ಬಾಬರ್ ಮಾಡಿಸಿದ್ರೆ ಸಕತ್ತಾಗಿರುತ್ತೆ” ಎಂದ. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳಾದರೂ ಬಾಬರ್ ಎಂದರೆ ಪಾಣಿಪತ್ ಯುದ್ಧವೇ ನೆನಪಾಯಿತು. ಅವನು ನಕ್ಕು ವಿವರಿಸಿದ. ಹುಡುಗಿಯರು ಬಾಬ್‌ಕಟ್ ಮಾಡಿಸುತ್ತಾರಲ್ಲ, ಅದೇ ಬಾಬ್. ಎರಡನೆಯ ಮಹಾಯುದ್ಧದ ಹಿಂದುಮುಂದಿನ ಕಾಲದಲ್ಲಿ ಅಮೆರಿಕದ ಹುಡುಗರು ಗಾಡಿ ಹಗುರಾಗಲಿ ಎಂದು ಹಿಂದಿನ ಮಡ್‌ಗಾರ್ಡನ್ನು ಕತ್ತರಿಸಿ, ಬೇಡದ್ದನ್ನೆಲ್ಲ ಕಿತ್ತು ಒಂದೇ ಸೀಟು ಉಳಿಸಿಕೊಳ್ಳುತ್ತಿದ್ದರಂತೆ. ಮುಂದಿನ ಫೋರ್ಕನ್ನು ಉದ್ದ ಮಾಡಿದರೆ ಅದು ಚಾಪರ್. ಹ್ಯಾಂಡಲ್ ತಗ್ಗಿಸಿ, ಬೆನ್ನು ಬಾಗಿಸಿ ಓಡಿಸಿದರೆ ಕೆಫೆ ರೇಸರ್. ಇದು ಐವತ್ತು ಅರವತ್ತರ ದಶಕದಲ್ಲಿ ಲಂಡನ್ನಿನ ಏಸ್ ಕೆಫೆಯಂಥ ಹೋಟೆಲುಗಳಿಂದ ಹೊರಟ ಹುಡುಗರ ಫ್ಯಾಷನ್ನು.

“ಒಂದೇ ಸೀಟು ಅಂದ್ರೆ ನಾನೆಲ್ಲಿ ಕೂರಲಿ?” ಎಂದೆ.

“ನೀನು ಅಪ್ಪನ ಗಾಡಿ ಮೇಲೆ ಬಾ ಅಮ್ಮ” ಎಂದ.

ತಾತನ ಗಾಡಿಯನ್ನು ಕೊಯ್ಯುವ ಮಾತು ಕೇಳಿ ನನಗೆ ತುತ್ತು ಇಳಿಯಲಿಲ್ಲ. ಸುದ್ದಿ ನಮ್ಮ ಗುಂಪಿಗೆ ಹೋಯಿತು. ಅಲ್ಲಿ ಎರಡು ಪಕ್ಷವಾಯಿತು. ಬ್ಯಾಂಕ್ ಮ್ಯಾನೇಜರು, ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಮೂಲ ರೂಪಕ್ಕೆ ತರಬೇಕು ಎಂದರು. ಹುಡುಗರು, ಮೂಲೆಯಲ್ಲಿ ತುಕ್ಕು ಹಿಡಿಯುವುದಕ್ಕಿಂತ ಹೊಸ ಜನ್ಮ ಕೊಡುವುದೇ ಮೇಲು ಎಂದರು. ಆಗಲೇ ನಗರದ ಒಂದು ಮೈದಾನದಲ್ಲಿ ಹಳೆಯ ಮತ್ತು ಬದಲಾಯಿಸಿದ ಮೋಟಾರ್‌ಸೈಕಲ್ಲುಗಳ ಪ್ರದರ್ಶನವಿದೆ ಎಂದು ತಿಳಿದದ್ದು. ನಮ್ಮನೆಯವರು ಧಾರವಾಡದವರು, ಹೆಚ್ಚು ಮಾತಿಲ್ಲ. “ಹೋಗೂಣು ಬಾ. ನಿಮ್ಮಪ್ಪನ ಗಾಡಿನೂ ತಗೊಂಡು ಹೋಗೂಣು. ನಾಕ ಮಂದಿ ನೋಡ್ಲಿ, ಆಮ್ಯಾಲೆ ಏನ್ ಮಾಡೂದು ಅಂತ ತಿಳದೀತು” ಎಂದರು. ಮಗ ಒಂದು ವಾರ ಸಂಜೆಯೆಲ್ಲ ಕಾರ್ಬುರೇಟರ್ ಬಿಚ್ಚಿ ತೊಳೆದು, ಹತ್ತಾರು ಕಿಕ್ ಹೊಡೆದು, ಕೊನೆಗೂ ಅದನ್ನು ಎಬ್ಬಿಸಿದ. ಪಾರ್ಕಿಂಗ್ ತುಂಬಾ ಹೊಗೆ. ವಾಚ್‌ಮನ್ ಬಕೆಟ್ ನೀರು ಹಿಡಿದು ಓಡಿ ಬಂದ!

ಆ ಭಾನುವಾರ ಆರು ಗಾಡಿಗಳ ಮೆರವಣಿಗೆಯಲ್ಲಿ ಹೊರಟೆವು. ಮೈದಾನದಲ್ಲಿ ಕಣ್ಣು ಸಾಲದಷ್ಟು ಗಾಡಿಗಳು. ನೆಲದಿಂದ ಒಂದು ಗೇಣು ಮಾತ್ರ ಮೇಲಿರುವವು, ಹ್ಯಾಂಡಲ್ಲು ತಲೆಗಿಂತ ಎತ್ತರವಿರುವವು, ಟ್ಯಾಂಕಿನ ಮೇಲೆ ಶಿವಾಜಿ ಮಹಾರಾಜರ ಚಿತ್ರ ಬರೆಸಿದವು. ಹೆಚ್ಚಿನವು ಎನ್‌ಫೀಲ್ಡ್ ಗಾಡಿಯ ಮೇಲೆ ಮಾಡಿದ ಕೆಲಸ. ಈ ವಿದ್ಯೆಗೆ ನಮ್ಮ ದೇಶದಲ್ಲೂ ಹೆಸರಾದವರಿದ್ದಾರೆ. ಮುಂಬಯಿಯ ವರ್ದೆಂಚಿ, ಜೈಪುರದ ರಾಜಪುತಾನಾ ಕಸ್ಟಮ್ಸ್, ನಮ್ಮ ಪುಣೆಯದೇ ಆದ ಆಟೋಲಾಗ್ ಡಿಸೈನ್ ಇವುಗಳ ಹೆಸರು ಹುಡುಗರ ಬಾಯಲ್ಲಿ ಹರಿದಾಡುತ್ತಿತ್ತು. ಸುಳ್ಳು ಹೇಳಬಾರದು, ಕೆಲವು ಗಾಡಿಗಳು ನಿಜಕ್ಕೂ ಚೆಂದ. ತಗಡನ್ನು ಕೈಯಿಂದ ಬಡಿದು ಬಡಿದು ಹೂವಿನ ದಳದಂತೆ ಬಾಗಿಸಿದ್ದರು. ಹಿತ್ತಾಳೆ ಪಾತ್ರೆಯ ಬೆಲೆ ಗೊತ್ತಿರುವ ಯಾವ ಹೆಂಗಸಿಗಾದರೂ ಆ ಕೈಕೆಲಸ ಕಂಡರೆ ಗೌರವ ಬರುತ್ತದೆ.

ಆದರೆ ಹಿಂದಿನ ಸೀಟಿನವಳ ಕಣ್ಣು ಬೇರೆ ನೋಡಿ. ನಾನು ಗಾಡಿಯ ಹಿಂಭಾಗವನ್ನೇ ನೋಡುತ್ತಾ ಹೋದೆ. ಎಷ್ಟೋ ಗಾಡಿಗಳಿಗೆ ಹಿಂದೆ ಹಿಡಿದುಕೊಳ್ಳಲು ಹಿಡಿಯಿಲ್ಲ, ಕಾಲಿಡಲು ಜಾಗವಿಲ್ಲ, ಚಕ್ರಕ್ಕೆ ಸೀರೆ ಸಿಕ್ಕದಂತೆ ತಡೆಯುವ ಜಾಲರಿಯಿಲ್ಲ. ಈ ಜಾಲರಿ ಹೆಂಗಸರ ಕಂಪನಿಯವರು ಮಾಡಿದ ದಾಕ್ಷಿಣ್ಯ ಎಂದು ನಾನು ತಿಳಿದಿದ್ದೆ. ಬ್ಯಾಂಕ್ ಮ್ಯಾನೇಜರು ಹೇಳಿದರು, ಅದು ಕಾನೂನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು, ಹಿಂಬದಿ ಸವಾರರಿಗೆ ಹಿಡಿ, ಕಾಲಿಡುವ ಜಾಗ, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮುಚ್ಚಳ ಇರಲೇಬೇಕು ಎನ್ನುತ್ತದೆ.

ಅಷ್ಟೇ ಅಲ್ಲ, ಗಾಡಿಯನ್ನು ಮನಸ್ಸು ಬಂದಂತೆ ಬದಲಿಸಲು ಕಾನೂನು ಬಿಡುವುದಿಲ್ಲ ಎಂಬುದೂ ಅಲ್ಲಿಯೇ ತಿಳಿಯಿತು. ಮಕ್ಕಳಿರುವ ಓದುಗರು ಇದನ್ನು ಗಮನಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಾಯಿತು. ಹಾಗಾಗಿಯೇ ಅಲ್ಲಿಯ ಎಷ್ಟೋ ಸುಂದರಿಯರು ಟೆಂಪೋದಲ್ಲಿ ಬಂದು ಟೆಂಪೋದಲ್ಲೇ ಹೋಗುವವರು. ರಸ್ತೆಗಿಳಿಯುವ ಭಾಗ್ಯವಿಲ್ಲ.

ನಮ್ಮ ರೋಡ್‌ಕಿಂಗ್ ಹಳೆಯ ಗಾಡಿಗಳ ಸಾಲಿನಲ್ಲಿ ನಿಂತಿತು. ಜಾವಾ, ಯೆಜ್ಡಿ ಪ್ರೇಮಿಗಳು ಪ್ರಪಂಚದಾದ್ಯಂತ ಇದ್ದಾರೆ, ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಹಬ್ಬದಂತೆ ಆಚರಿಸುತ್ತಾರೆ. ಈಗ ಮಹೀಂದ್ರದವರ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ಡಿಯನ್ನೂ ಮತ್ತೆ ರಸ್ತೆಗಿಳಿಸಿದೆ. ಆದರೆ ಹಳೆಯದನ್ನು ಕಂಡರೆ ಜನರ ಮುಖ ಅರಳುವ ರೀತಿಯೇ ಬೇರೆ. “ಕಾಕೂ, ಹೀ ಮೈಸೂರಚೀ ನಾ?” ಎಂದು ಹುಡುಗರು ಕೇಳಿದಾಗ ನನ್ನ ಕೊರಳು ಒಂದು ಅಂಗುಲ ಉದ್ದವಾಯಿತು. ನಮ್ಮಪ್ಪನೇ ಇದನ್ನು ಮಾಡುವವರಲ್ಲಿ ಒಬ್ಬರು ಎಂದು ಹತ್ತು ಸಲವಾದರೂ ಹೇಳಿರಬೇಕು.

ಆಗ ಒಬ್ಬ ಹಿರಿಯರು ಬಂದರು. ಹಳೆಯ ಗಾಡಿಗಳ ವಿಷಯದಲ್ಲಿ ಬಲ್ಲವರೆಂದು ಎಲ್ಲರೂ ದಾರಿ ಬಿಟ್ಟರು. ಸುತ್ತು ಹೊಡೆದು ನೋಡಿ, ಎಡಗಡೆ ಬಗ್ಗಿ, “ಇದು ಕಂಪನಿಯದಲ್ಲ. ಯಾರೋ ಅಡ್ಡಾದಿಡ್ಡಿ ಬೆಸುಗೆ ಹಾಕಿದ್ದಾರೆ. ಕಿತ್ತು ಹಾಕಿ ಮೂಲದ್ದು ಹಾಕಿಸಿ” ಎಂದು ಮರಾಠಿಯಲ್ಲಿ ಹೇಳಿದರು. ಐವತ್ತು ವರ್ಷ ತುಂಬಿದ ಗಾಡಿಗೆ ಸರ್ಕಾರ ವಿಂಟೇಜ್ ಎಂದು ಬೇರೆಯೇ ನೋಂದಣಿ ಕೊಡುತ್ತದೆ, 2021ರಲ್ಲಿ ಆ ನಿಯಮ ಬಂದಿದೆ, ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, 2033ಕ್ಕೆ ನಿಮ್ಮದೂ ಅದಕ್ಕೆ ಅರ್ಹವಾಗುತ್ತದೆ ಎಂದು ಬುದ್ಧಿ ಹೇಳಿದರು. ಒಳ್ಳೆಯ ಮಾತೇ. ಆದರೂ ನನ್ನ ಎದೆ ಧಸಕ್ಕೆಂದಿತು. ಅವರು ಬೆರಳು ತೋರಿಸಿದ್ದು ಹಿಂದೆ ಕೂರುವವರು ಕಾಲಿಡುವ ಕಬ್ಬಿಣದ ಹಲಗೆಯನ್ನು.

ಸ್ವಲ್ಪ ಹೊತ್ತಿಗೆ ಮಗ ಒಬ್ಬ ಕಸ್ಟಮ್ ಮಾಡುವ ಹುಡುಗನನ್ನು ಕರೆತಂದ. ಸಾತಾರಾ ಕಡೆಯವನು, ಕೈಯೆಲ್ಲ ಗ್ರೀಸು. ಅವನು ಟೇಪು ಹಿಡಿದು ಅಳತೆ ತೆಗೆಯುತ್ತಾ, ಇಲ್ಲಿಂದ ಚಾಸಿ ಕತ್ತರಿಸಬೇಕು, ಈ ಸೀಟು ಹೋಗುತ್ತದೆ, ಮಡ್‌ಗಾರ್ಡು ಇಷ್ಟೇ ಸಾಕು, ದಪ್ಪ ಟಯರು ಹಾಕಬೇಕು ಎಂದು ಲೆಕ್ಕ ಹೇಳುತ್ತಾ ಹೋದ. ಮೊತ್ತ ಕೇಳಿದರೆ ಒಂದು ಒಳ್ಳೆಯ ಫ್ರಿಜ್ಜು, ವಾಷಿಂಗ್ ಮೆಷೀನು ಎರಡೂ ಬಂದು ಇನ್ನೂ ಚಿಲ್ಲರೆ ಮಿಗುತ್ತಿತ್ತು. ಎಡಗಡೆಗೆ ಬಂದವನು ನಿಂತ. ಹಲಗೆಯ ಮೇಲೆ ಕೈಯಾಡಿಸಿ ನನ್ನ ಕಡೆ ನೋಡಿ ಕೇಳಿದ: “ಕಾಕೂ, ಇದಕ್ಕೆ ಎರಡು ಮೆಟ್ಟಿಲು ಯಾಕೆ? ಒಂದು ಮೇಲೆ, ಒಂದು ಕೆಳಗೆ?”

ಓದುಗರೇ, ನಲವತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿದವನು ಅವನೊಬ್ಬನೇ.

ನಾನು ಸುಮ್ಮನೆ ನಿಂತೆ. ಯಾಕೆಂದರೆ ಉತ್ತರ ನಮ್ಮ ಮನೆಯ ಗುಟ್ಟು. ಅಮ್ಮನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಎಡಗಾಲು ಎರಡು ಅಂಗುಲ ಗಿಡ್ಡ. ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ. ನೆರಿಗೆ ಉದ್ದ ಬಿಟ್ಟು ಸೀರೆ ಉಡುತ್ತಿದ್ದಳು, ನಿಧಾನ ನಡೆಯುತ್ತಿದ್ದಳು, ಮದುವೆ ಮನೆಗಳಲ್ಲಿ ಮೊದಲೇ ಹೋಗಿ ಕುಳಿತುಬಿಡುತ್ತಿದ್ದಳು. ಮಕ್ಕಳಾದ ನಾವು ಆ ವಿಷಯ ಎತ್ತುವಂತಿರಲಿಲ್ಲ. ಹೊಸ ಗಾಡಿಯ ಮೇಲೆ ಮೊದಲ ಸಲ ಚಾಮುಂಡಿ ಬೆಟ್ಟಕ್ಕೆ ಹೊರಟಾಗ ಅವಳ ಒಂದು ಕಾಲು ಊರಿದರೆ ಇನ್ನೊಂದು ಗಾಳಿಯಲ್ಲಿ ತೂಗುತ್ತಿತ್ತು. ಅರ್ಧ ದಾರಿಗೆ “ಸಾಕು, ಇಳಿಸಿ” ಎಂದಳಂತೆ. ಅಪ್ಪ ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಪರಿಚಯದ ಬೆಸುಗೆಯವನ ಅಂಗಡಿಯಲ್ಲಿ ಕುಳಿತು, ಅಮ್ಮನ ಎರಡು ಚಪ್ಪಲಿಗಳನ್ನು ಇಟ್ಟು ಅಳತೆ ಮಾಡಿ, ಈ ಎರಡು ಮೆಟ್ಟಿಲಿನ ಹಲಗೆ ಮಾಡಿಸಿ ತಂದರು. ಎಡಗಾಲಿಗೆ ಮೇಲಿನದು, ಬಲಗಾಲಿಗೆ ಕೆಳಗಿನದು. ಬಿಸಿ ಸೈಲೆನ್ಸರ್ ತಾಗದಂತೆ ಒಂದು ತಗಡಿನ ಅಡ್ಡ. ಆಮೇಲೆ ಹನ್ನೆರಡು ವರ್ಷ ಅಮ್ಮ ಆ ಗಾಡಿಯ ಮೇಲೆ ನಂಜನಗೂಡಿಗೂ ಶ್ರೀರಂಗಪಟ್ಟಣಕ್ಕೂ ರಾಣಿಯ ಹಾಗೆ ಹೋಗಿ ಬಂದಳು. ನಡೆಯುವಾಗ ಎಲ್ಲರ ಕಣ್ಣಿಗೆ ಬೀಳುತ್ತಿದ್ದ ಕಾಲು, ಗಾಡಿಯ ಮೇಲೆ ಕುಳಿತರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದನ್ನೆಲ್ಲ ನನ್ನ ಮುರುಕು ಮರಾಠಿಯಲ್ಲಿ ಹೇಗೋ ಹೇಳಿದೆ. ಹೇಳುವಾಗ ಅಮ್ಮನಿಗೆ ದ್ರೋಹ ಮಾಡಿದೆನೇನೋ ಎಂಬ ಅಳುಕೂ ಇತ್ತು. ಹುಡುಗ ಕೇಳಿ, ಟೇಪು ಸುತ್ತಿ ಜೇಬಿಗಿಟ್ಟುಕೊಂಡ. “ಹಾಗಾದರೆ ಇದು ಆಗಲೇ ಕಸ್ಟಮ್ ಆಗಿರೋ ಗಾಡಿ ಕಾಕೂ. ನನಗೆ ಇಲ್ಲಿ ಕೆಲಸವಿಲ್ಲ” ಎಂದ. ಬಂದ ಗಿರಾಕಿಯನ್ನು ಕೈಯಾರೆ ಬಿಟ್ಟುಕೊಟ್ಟ ಅವನ ಹೊಟ್ಟೆ ತಣ್ಣಗಿರಲಿ.

ನಾನು ಮಗನ ಕಡೆ ನೋಡಿದೆ. ಅಮ್ಮ ಹೋದ ಎರಡು ವರ್ಷಕ್ಕೆ ಹುಟ್ಟಿದವನು ಅವನು. ಅವನ ಪಾಲಿಗೆ ಅಜ್ಜಿ ಎಂದರೆ ಗೋಡೆಯ ಮೇಲಿನ ಫೋಟೋ, ಅದರಲ್ಲೂ ಕುಳಿತಿರುವ ಫೋಟೋ. “ನನಗೆ ಯಾಕಮ್ಮ ಹೇಳಲಿಲ್ಲ?” ಎಂದ. ಅವನನ್ನು ಬೈಯುವ ಹಕ್ಕು ನನಗಿರಲಿಲ್ಲ ಎಂದು ಆಗ ಹೊಳೆಯಿತು. ತಾತನ ಗಾಡಿ, ತಾತನ ಗಾಡಿ ಎಂದು ಹದಿನಾಲ್ಕು ವರ್ಷ ಹೊದಿಕೆ ಹೊದಿಸಿ ಇಟ್ಟೆನೇ ಹೊರತು, ಅದು ಅಜ್ಜಿಯ ಗಾಡಿಯೂ ಹೌದು ಎಂದು ಒಮ್ಮೆಯೂ ಹೇಳಿರಲಿಲ್ಲ. ಗೊತ್ತಿಲ್ಲದವರು ಕತ್ತರಿಸಲು ಹೊರಟರೆ ತಪ್ಪು ಯಾರದು?

ಮನೆಗೆ ಬರುವಾಗ ಮಗ, “ಅಮ್ಮಾ, ಇವತ್ತು ನೀನು ಈ ಗಾಡಿ ಮೇಲೆ ಬಾ” ಎಂದ. ಕುಳಿತೆ. ನನ್ನ ಕಾಲುಗಳು ಸಮ, ಹಾಗಾಗಿ ಒಂದು ಮಂಡಿ ಮೇಲೆ ಒಂದು ಕೆಳಗೆ ಆಗಿ ಪುಣೆಯ ಗುಂಡಿಗಳಲ್ಲಿ ಸೊಂಟ ನೊಂದಿತು. ಅಮ್ಮನಿಗೆ ಉಳಿದ ಪ್ರಪಂಚವೆಲ್ಲ ಹೀಗೆಯೇ ಇತ್ತಲ್ಲ ಎಂದು ಅನ್ನಿಸಿ ಕಣ್ಣು ಮಂಜಾಯಿತು. ಹೆಲ್ಮೆಟ್ ಇದ್ದದ್ದು ಒಳ್ಳೆಯದಾಯಿತು.

ಈಗ ಗಾಡಿ ರಿಪೇರಿಯಾಗಿದೆ. ಪಿಸ್ಟನ್ನು, ಟಯರು, ವೈರಿಂಗ್ ಎಲ್ಲ ಹೊಸದು. ಹಲಗೆಗೆ ಬಣ್ಣ ಕೂಡ ಹಚ್ಚಿಸಲಿಲ್ಲ, ಎಣ್ಣೆ ಒರೆಸಿ ಬಿಟ್ಟಿದ್ದೇವೆ. 2033ಕ್ಕೆ ವಿಂಟೇಜ್ ಎಂದು ಒಪ್ಪುತ್ತಾರೋ ಇಲ್ಲವೋ, ನೋಡೋಣ. ಎರಡು ಮೆಟ್ಟಿಲಿಗೆ 5,000 ರೂಪಾಯಿ ದಂಡ ಹಾಕಿದರೆ ಅಪ್ಪನ ಹೆಸರಿನಲ್ಲಿ ಸಂತೋಷವಾಗಿ ಕಟ್ಟುತ್ತೇನೆ. ಮಗನ ಬಾಬರ್ ಆಸೆ ಪೂರ್ತಿ ಹೋಗಿಲ್ಲ. ಕಾರ್ಖಾನೆಯವರೇ ಆ ರೀತಿ ಮಾಡಿ ಮಾರುವ ಗಾಡಿಗಳು ಈಗ ಸಿಗುತ್ತವೆ, ತನ್ನ ದುಡ್ಡಿನಲ್ಲಿ ಕೊಂಡುಕೊಳ್ಳುತ್ತಾನಂತೆ. ಕೊಳ್ಳಲಿ.

ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಅಮ್ಮ ಇದ್ದಿದ್ದರೆ “ಊರಿಗೆಲ್ಲ ಡಂಗುರ ಸಾರಬೇಕಿತ್ತೇ?” ಎಂದು ಮುನಿಸಿಕೊಳ್ಳುತ್ತಿದ್ದಳು. ಆದರೂ ಬರೆದೆ. ನಿಮ್ಮ ಮನೆಯ ಅಟ್ಟದ ಮೇಲೆ, ಪಾರ್ಕಿಂಗ್ ಮೂಲೆಯಲ್ಲಿ ಇಂಥದ್ದೊಂದು ಸಾಮಾನು ಇದ್ದೇ ಇರುತ್ತದೆ. ಹಿಡಿ ಬೇರೆ ಬಣ್ಣದ್ದಿರುವ ಈಳಿಗೆಮಣೆ, ಒಂದು ಕಾಲು ಮೋಟಾದ ಮಣೆ, ವಿಚಿತ್ರ ಆಕಾರದ ಕುರ್ಚಿ. ಸರಿಪಡಿಸುವ ಮೊದಲು, ಗುಜರಿಗೆ ಹಾಕುವ ಮೊದಲು, ಇದು ಹೀಗೇಕಿದೆ ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಹಿರಿಯರು ನೀವೇ ಆಗಿದ್ದರೆ, ಯಾರೂ ಕೇಳದಿದ್ದರೂ ಹೇಳಿಬಿಡಿ.

ಅಂದ ಹಾಗೆ, ನಮ್ಮ ಗುಂಪಿಗೆ ಬರಲು ಇಷ್ಟವಿರುವ ಹೆಂಗಸರು ಸಂಘದ ಕಾರ್ಯಕ್ರಮಗಳಲ್ಲಿ ನನ್ನನ್ನು ಕಂಡು ಮಾತಾಡಿಸಿ. ಸೀರೆ ಉಟ್ಟು ಬರುವವರಿಗೂ ಜಾಗವಿದೆ.